ಗಾಳಿ ಹಾಕಿದ ಹರಿವೆ

ಕಾರವಾರದಿಂದ ಹೊರಟದ್ದು

ಹಾಲೆಂಡಿಗೆ ಹೋಗಿದ್ದೆ ಎಂದರೆ ಕಾರವಾರದಲ್ಲಿ ಜನ ಮೊದಲು ಕೇಳುವುದು ಅಲ್ಲಿ ಮೀನು ಸಿಗುತ್ತದೆಯೇ ಎಂದು. ಸಿಗುತ್ತದೆ. ಎರಡನೆಯ ಪ್ರಶ್ನೆ, ಇಬ್ಬರು ಹೋದಿರಲ್ಲ, ದಾಮು ಮಾತ್ರ ಯಾಕೆ ಬೇಗ ಬಂದ ಎಂಬುದು. ಇದಕ್ಕೆ ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಅವು ಒಂದಕ್ಕೊಂದು ಹೊಂದುವುದಿಲ್ಲ ಎಂದು ಈಚೆಗೆ ಗೊತ್ತಾಯಿತು. ಆದ್ದರಿಂದ ಬರೆದಿಡುತ್ತಿದ್ದೇನೆ. ಆ ದಿನಗಳ ದಿನಚರಿ ಎದುರಿಗಿದೆ. ಆದರೆ ಅದನ್ನು ಬರೆದವನೂ ನಾನೇ ಆದ ಕಾರಣ ಪೂರ್ತಿ ನಂಬುವಂತಿಲ್ಲ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಹುಟ್ಟೂರು ಅಂಕೋಲೆಯ ಭಾವಿಕೇರಿ, ಈಗಿರುವುದು ಹಬ್ಬುವಾಡದಲ್ಲಿ. ದಾಮೋದರ ಅದೇ ಕಾಲೇಜಿನ ಭೌತಶಾಸ್ತ್ರದ ಮಾಸ್ತರ. ಕೋಡಿಬಾಗದ ಮೀನುಗಾರರ ಮನೆಯವನು. ಅವನ ಅಣ್ಣಂದಿರು ಈಗಲೂ ಸಮುದ್ರಕ್ಕೆ ಹೋಗುತ್ತಾರೆ. ಗುಡುಗು ಸಿಡಿಲಿನ ಮಳೆ ಬಿದ್ದ ಮೇಲೆ ಗಿಡ ಯಾಕೆ ಅಷ್ಟು ಜೋರಾಗಿ ಏಳುತ್ತದೆ ಎಂದು ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿದವನು ಅವನು. ನೀರಿನಿಂದ ಎಂದೆ. ಗಾಳಿಯಿಂದಲೂ ಇರಬಹುದಲ್ಲ ಎಂದ. ಸಸ್ಯಶಾಸ್ತ್ರದ ಪ್ರಶ್ನೆ ನನಗೆ ಹೊಳೆಯದೆ ಅವನಿಗೆ ಹೊಳೆದದ್ದು ನನಗೆ ಅಂದೇ ಸ್ವಲ್ಪ ಚುಚ್ಚಿತು.

ಕೆಟ್ಟುಹೋದ ಟಿವಿಯೊಂದರ ಒಳಗಿಂದ ಅವನು ಹೆಚ್ಚು ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಕಿತ್ತು ತೆಗೆದ. ಹಲಗೆಗೆ ಐವತ್ತು ಹೊಲಿಗೆ ಸೂಜಿ ಚುಚ್ಚಿ, ಎಲ್ಲಕ್ಕೂ ತಂತಿ ಜೋಡಿಸಿದ. ಸೂಜಿಯ ಮೊನೆಗೆ ವಿದ್ಯುತ್ತು ಬಂದರೆ ಸುತ್ತಲಿನ ಗಾಳಿಯ ಕಣಗಳಿಗೆ ಅದರ ಅಂಶ ಹತ್ತುತ್ತದೆ. ಪುಸ್ತಕದ ಭಾಷೆಯಲ್ಲಿ ಅಯಾನುಗಳಾಗುತ್ತವೆ. ಆ ಗಾಳಿ ಗಿಡದ ಮೇಲೆ ಇಳಿಯಬೇಕು. ಭಾವಿಕೇರಿಯ ನಮ್ಮ ಹಿತ್ತಿಲಲ್ಲಿ ಹರಿವೆ ಸೊಪ್ಪಿನ ಎರಡು ಸಾಲು ಹಾಕಿದೆವು. ಒಂದರ ಮೇಲೆ ಹಲಗೆ ತೂಗುಹಾಕಿದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ನೋಡಲು ಬಂದ ಪಕ್ಕದ ಮನೆಯ ಬೀರಣ್ಣ ಎಲೆಯಡಿಕೆ ಉಗುಳಿ, "ಸೈಕಲ್ಲಿಗೆ ಗಾಳಿ ಹಾಕೂದು ಕಂಡಿದ್ದೆ ಮಾಸ್ತರೇ. ಹರಿವೆಗೆ ಗಾಳಿ ಹಾಕೂದು ಈಗ ಕಂಡೆ," ಎಂದ. ಅಂದಿನಿಂದ ಊರಿನಲ್ಲಿ ಅದು ಗಾಳಿ ಹಾಕಿದ ಹರಿವೆಯಾಯಿತು. ಗಾಳಿ ಎಂದರೆ ನಮ್ಮಲ್ಲಿ ಮೈಮೇಲೆ ಬರುವ ದೆವ್ವವೂ ಹೌದು. ಆದ್ದರಿಂದ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯಲಿಲ್ಲ.

ಹಲಗೆಯ ಕೆಳಗಿನ ಸಾಲು ಕಣ್ಣಿಗೇ ಕಾಣುವಷ್ಟು ದೊಡ್ಡದಾಗಿ ಬಂತು. ಎಲೆ ಅಗಲ, ದಂಟು ದಪ್ಪ. ಅಳೆದವನು, ತೂಗಿದವನು ನಾನು. ಬರಹ ಸಿದ್ಧವಾದಾಗ ದಾಮುವಿನ ಹೆಸರು ಮೊದಲು, ನನ್ನದು ನಂತರ. ಅಕ್ಷರಮಾಲೆಯ ಪ್ರಕಾರ ಎಂದು ಅವನು ಹೇಳಿದ. ಸರಿಯೇ. ಹಾಲೆಂಡಿನ ಒಂದು ಸಂಶೋಧನಾ ಸಂಸ್ಥೆ ಅದನ್ನು ಓದಿ ಇಬ್ಬರನ್ನೂ ಒಂದು ವಾರದ ಸಭೆಗೆ ಕರೆಯಿತು. ಪತ್ರದ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ: ಸಭೆಯ ನಂತರ ನಿಮ್ಮಲ್ಲಿ ಒಬ್ಬರಿಗೆ ಆರು ತಿಂಗಳು ನಮ್ಮ ಗಾಜಿನ ಮನೆಯಲ್ಲಿ ಕೆಲಸ ಮಾಡುವ ಅವಕಾಶ ಕೊಡಬಹುದು.

ಒಬ್ಬರಿಗೆ. ಮುಂಬೈ ರೈಲಿನಲ್ಲಿ ದಾಮುವಿನ ಹೆಂಡತಿ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಆ ಸಾಲಿನ ಮಾತು ಇಬ್ಬರೂ ಎತ್ತಲಿಲ್ಲ.

ಆಮ್‌ಸ್ಟರ್‌ಡ್ಯಾಮ್, ಇಳಿದ ದಿನ

ಸೂಜಿ ಹಲಗೆ ದಾಮುವಿನ ಪೆಟ್ಟಿಗೆಯಲ್ಲಿತ್ತು, ಲುಂಗಿಯಲ್ಲಿ ಸುತ್ತಿ ಇಟ್ಟಿದ್ದ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಪೆಟ್ಟಿಗೆ ತೆರೆಸಿದ. ಲುಂಗಿ ಬಿಚ್ಚುತ್ತ ಹೋದಂತೆ ಐವತ್ತು ಸೂಜಿ ಹೊರಬಂದವು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಇಂಥ ಸಂದರ್ಭಕ್ಕೆಂದೇ ನಾನು ಮೂರು ದಿನ ಕೂತು ಒಂದು ಇಂಗ್ಲಿಷ್ ವಾಕ್ಯ ಕಟ್ಟಿ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ದಾಮು ಟಿಕೆಟಿನ ಹಿಂಬದಿಯಲ್ಲಿ ಒಂದು ಗಿಡ, ಅದರ ಮೇಲೆ ಒಂದು ಹಲಗೆ, ನಡುವೆ ಚುಕ್ಕೆ ಚುಕ್ಕೆ ಬರೆದು ತೋರಿಸಿದ. ನಂತರ ಎರಡೂ ಕೈ ಮೇಲೆತ್ತಿ ಗಿಡ ಬೆಳೆಯುವ ಅಭಿನಯ ಮಾಡಿದ. ಅಧಿಕಾರಿ ಇನ್ನೊಬ್ಬನನ್ನು ಕರೆದ. ಇಬ್ಬರೂ ಚಿತ್ರ ನೋಡಿದರು. ತನ್ನ ತಾಯಿ ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟಿದ್ದಾಳೆ, ಅದಕ್ಕೂ ಆಗುತ್ತದೆಯೇ ಎಂದು ಮೊದಲಿನವನು ಕೇಳಿದ. ಆಗುತ್ತದೆ ಎಂದು ದಾಮು ಭರವಸೆ ಕೊಟ್ಟ. ಲುಂಗಿಯನ್ನು ಅಧಿಕಾರಿಯೇ ಮತ್ತೆ ನೀಟಾಗಿ ಸುತ್ತಿಕೊಟ್ಟ.

"ಎಂತಾ ನಾಯ್ಕ, ಮುಖ ಇಷ್ಟಾಯ್ತು? ಹೆದರ್ದ್ಯ?" ಎಂದು ಹೊರಗೆ ಬಂದ ಮೇಲೆ ದಾಮು ಕೇಳಿದ.

ಹೆದರಿದೆ ಎಂದೇ ಹೇಳಿದೆ. ಹೇಳಬಹುದಾದ ಕಾರಣ ಅದೊಂದೇ ಇತ್ತು.

ಗಾಜಿನ ಊರು

ನಮ್ಮನ್ನು ಇಳಿಸಿದ್ದು ಡೆಲ್ಫ್ಟ್ ಪಟ್ಟಣದಲ್ಲಿ. ಅಲ್ಲಿಂದ ಸಮುದ್ರದ ಕಡೆಗೆ ಹೋದರೆ ಊರಿಗೆ ಊರೇ ಗಾಜು. ಗದ್ದೆ ಇರಬೇಕಾದಲ್ಲೆಲ್ಲ ಗಾಜಿನ ಮನೆಗಳು, ಒಂದರ ಗೋಡೆಗೆ ಇನ್ನೊಂದರ ಗೋಡೆ ತಾಗಿದಂತೆ. ಸಭೆ ನಡೆಸುತ್ತಿದ್ದ ಪ್ರೊಫೆಸರ್ ಮರೈಕೆ ನಮ್ಮನ್ನು ಒಳಗೆ ಕರೆದೊಯ್ದರು. ಐವತ್ತು ದಾಟಿದ, ಎತ್ತರದ, ಸೈಕಲ್ಲಿನಲ್ಲೇ ಕೆಲಸಕ್ಕೆ ಬರುವ ಹೆಂಗಸು. ಟೊಮೆಟೊ ಬಳ್ಳಿಗಳು ನನ್ನ ಎರಡರಷ್ಟು ಎತ್ತರ. ಬುಡದಲ್ಲಿ ಮಣ್ಣೇ ಇಲ್ಲ, ಹತ್ತಿಯಂಥ ಒಂದು ಇಟ್ಟಿಗೆ. ಬಳ್ಳಿಗಳ ಮೇಲೆ ಅವರದೂ ಸೂಜಿಗಳು ಸಾಲಾಗಿ ಇದ್ದವು, ಉಕ್ಕಿನ ಕಂಬಿಗೆ ಜೋಡಿಸಿದ್ದು. ಗಾಳಿಯಲ್ಲಿ ಎಷ್ಟು ಅಯಾನು ಇದೆ ಎಂದು ಎಣಿಸುವ ಯಂತ್ರ ಪಕ್ಕದಲ್ಲೇ. ನಮ್ಮ ಬಳಿ ಅಂಥದು ಇರಲಿಲ್ಲ. ಮುಂಗೈಯ ಕೂದಲು ನಿಮಿರಿದರೆ ಗಾಳಿ ಬರುತ್ತಿದೆ ಎಂದುಕೊಳ್ಳುತ್ತಿದ್ದೆವು.

ನನಗೆ ಆ ಯಂತ್ರದ ಮೇಲೆ ಹೊಟ್ಟೆಕಿಚ್ಚಾಯಿತು. ಮಣ್ಣಿಲ್ಲದ ಬೇರಿನ ಮೇಲೆ, ಹುಳವಿಲ್ಲದ ಎಲೆಯ ಮೇಲೆ, ಹೊರಗಿನ ಮಳೆ ಲೆಕ್ಕಕ್ಕಿಲ್ಲದ ಆ ಮಾಡಿನ ಮೇಲೆ ಹೊಟ್ಟೆಕಿಚ್ಚಾಯಿತು. ಅವರ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ. ಹೊಳೆಯಂಚಿನ ನಮ್ಮ ಗಜನಿ ಗದ್ದೆಯೂ ತಗ್ಗೇ. ಪ್ರತಿ ಮಳೆಗಾಲ ಕಟ್ಟೆ ಒಡೆದು ಉಪ್ಪುನೀರು ನುಗ್ಗುತ್ತದೆ, ನಾವು ಮತ್ತೆ ಮಣ್ಣು ಹೊರುತ್ತೇವೆ. ಇವರ ಕಟ್ಟೆಯ ಮೇಲೆ ಕುರಿ ಮೇಯುತ್ತಿದ್ದವು, ಜನ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಿದ್ದರು.

ಮರೈಕೆ ಬಗ್ಗಿ ಒಂದು ಕಡ್ಡಿಯಷ್ಟು ತೆಳುವಾದ ನಳಿಕೆ ತೋರಿಸಿದರು. ಪ್ರತಿ ಗಿಡಕ್ಕೂ ಒಂದು. ಎಲ್ಲ ಗಿಡಕ್ಕೂ ಒಂದೇ ನೀರು, ಒಂದೇ ಅಳತೆ. "ಇಲ್ಲವಾದರೆ ಗಾಳಿಯ ಬಗ್ಗೆ ಏನೂ ಹೇಳಲಾಗುವುದಿಲ್ಲ," ಎಂದರು.

ನಾನು ನಳಿಕೆಯನ್ನು ಬಿಟ್ಟು ಟೊಮೆಟೊ ನೋಡತೊಡಗಿದೆ.

ಇಲ್ಲಿ ಅತ್ತಿಗೆಯ ವಿಷಯ ಹೇಳಬೇಕು. ಭಾವಿಕೇರಿಯ ಮನೆಯಲ್ಲಿ ಅಣ್ಣನ ಸಂಸಾರವಿದೆ. ಕರೆಂಟಿನ ಪ್ಲಗ್ಗು ಇದ್ದದ್ದು ಅಡುಗೆಮನೆಯ ಹಿಂಬಾಗಿಲ ಪಕ್ಕ. ಆದ್ದರಿಂದ ಗಾಳಿಯ ಸಾಲು ಹಿಂಬಾಗಿಲಿಗೆ ಹತ್ತಿರ, ಬರಿ ಸಾಲು ಬಾವಿಯಾಚೆ. ಬರಹ ಕಳಿಸುವ ಮೊದಲು ಒಂದು ಬೆಳಿಗ್ಗೆ ಊರಿಗೆ ಹೋದಾಗ ಅತ್ತಿಗೆ ಬಂಗಡೆ ತೊಳೆದ ನೀರನ್ನು ಬಾಗಿಲಲ್ಲೇ ನಿಂತು ಗಾಳಿಯ ಸಾಲಿಗೆ ಹೊಯ್ಯುತ್ತಿದ್ದರು. ಕರೆಂಟು ಬಂದ್ ಮಾಡಿಯೇ ಹೊಯ್ಯುತ್ತಿದ್ದರು, ಆ ಎಚ್ಚರ ಅವರಿಗಿತ್ತು.

"ಅತ್ತಿಗೆ, ಎಂತ ಮಾಡ್ತ್ರಿ?"

"ಎಂತ ಮಾಡೂದು? ಮೀನ್ ನೀರು ಬೇರೆ ಎಲ್ಲಿಗೆ ಹೊತ್ಕಂಡ್ ಹೋಗ್ಲಿ?"

"ಆ ಸಾಲಿಗೂ ಹೊಯ್ದ್ರ್ಯ?"

"ಅದಕ್ಯಾಕೆ? ಅದು ಆರಾಮ್ ಅದೆ. ಇವ್ಕೆ ನೀವಿಬ್ರೂ ಸೇರಿ ದಿನಾ ಕರೆಂಟ್ ಹೊಡಸ್ತ್ರಿ. ಪಾಪ, ಒಂಚೂರು ಮೀನ್ ನೀರಾದ್ರೂ ಬೇಡ್ವ ತಮಾ?"

ಬಾಣಂತಿಗೆ ಒಳ್ಳೆಯ ಮೀನಿನ ತುಂಡು ಬಡಿಸುವ ಹಾಗೆ ಅವರು ನಮ್ಮ ಹರಿವೆಯನ್ನು ಆರೈಕೆ ಮಾಡುತ್ತಿದ್ದರು. ನಮ್ಮ ಕಡೆ ಮೀನು ತೊಳೆದ ನೀರಿಗಿಂತ ಮೇಲಾದ ಗೊಬ್ಬರವಿಲ್ಲ ಎಂದು ಯಾವ ಹೆಂಗಸಾದರೂ ಹೇಳುತ್ತಾಳೆ. ಬಸಳೆ, ಮೆಣಸು, ತೆಂಗು, ಎಲ್ಲ ಅದರಲ್ಲೇ ಏಳುವುದು. ನಾನು ನಕ್ಕು ಕಾರವಾರದ ಬಸ್ಸು ಹತ್ತಿದೆ. ದಾಮುವಿಗೆ ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಅಂದುಕೊಂಡೆನೋ, ಈಗ ಸೇರಿಸುತ್ತಿದ್ದೇನೋ. ದಿನಚರಿಯಲ್ಲಿ ಆ ದಿನ ಇರುವುದು ಮೂರೇ ಪದ: "ಅತ್ತಿಗೆ. ಮೀನು ನೀರು." ಬರಹ ಅಂಚೆಗೆ ಹೋದದ್ದು ಅದಾದ ಮೇಲೆ.

ಅಂದರೆ ಗೊತ್ತಿತ್ತು.

ಡೆಲ್ಫ್ಟ್, ಸಂತೆಯ ದಿನ

ಇವರ ಮನೆಗಳಿಗೆ ಪರದೆಯಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಕೂತವರ ಊಟ, ಓದು, ಜಗಳ ಎಲ್ಲ ಕಾಣುತ್ತದೆ. ನೋಡುವುದು ಮಾತ್ರ ಸಭ್ಯತೆಯಲ್ಲವಂತೆ. ಹಬ್ಬುವಾಡದಲ್ಲಿ ನಾವು ಕಿಟಕಿ ಮುಚ್ಚಿಕೊಂಡು ಪಕ್ಕದವರ ಮನೆಯನ್ನು ಸಂದಿಯಿಂದ ನೋಡುತ್ತೇವೆ. ಯಾವುದು ವಾಸಿ ಎಂದು ನಿರ್ಧರಿಸಲಾಗಲಿಲ್ಲ. ಮುಚ್ಚಿಡಲು ಏನೂ ಇಲ್ಲದವರ ಹಾಗೆ ಬದುಕುವುದು ಕಂಡು ಅದಕ್ಕೂ ಅಸೂಯೆಪಟ್ಟೆ.

ಸಂತೆಯಲ್ಲಿ ಒಂದು ಗಾಡಿಯ ಎದುರು ಜನ ಹಸಿ ಮೀನನ್ನು ಬಾಲ ಹಿಡಿದು ಬಾಯಿಗೆ ಇಳಿಸುತ್ತಿದ್ದರು, ಜೊತೆಗೆ ಹೆಚ್ಚಿದ ಈರುಳ್ಳಿ. ನಾನು ಒಂದು ತುಂಡು ಬಾಯಿಗಿಟ್ಟು ಕರವಸ್ತ್ರಕ್ಕೆ ದಾಟಿಸಿದೆ. ದಾಮು ಮೀನನ್ನು ಬೆಳಕಿಗೆ ಹಿಡಿದು, ಕಿವಿರಿನ ಜಾಗ ನೋಡಿ, "ಹೊ ಬಾಂಗ್ಡ್ಯಾಚೊ ಭಾವ್," ಎಂದ. ಇದು ಬಂಗಡೆಯ ಅಣ್ಣತಮ್ಮ ಎಂದು ಅವರ ಮನೆಯ ಕೊಂಕಣಿಯಲ್ಲಿ. ಮೂರು ತಿಂದ. ಗಾಡಿಯವನು ಇವನ ಬೆನ್ನು ತಟ್ಟಿ ನಾಲ್ಕನೆಯದನ್ನು ಹಾಗೇ ಕೊಟ್ಟ. ಮೀನನ್ನು ಉಪ್ಪಿನಲ್ಲಿ ಎಷ್ಟು ಹೊತ್ತು ಇಡುತ್ತೀರಿ ಎಂದು ದಾಮು ವಿಚಾರಿಸುತ್ತ ನಿಂತ. ಪಕ್ಕದಲ್ಲಿದ್ದ ಮರೈಕೆ ನಗುತ್ತ ಅವನನ್ನೇ ನೋಡುತ್ತಿದ್ದರು. ಕರವಸ್ತ್ರವನ್ನು ಎಲ್ಲಿ ಎಸೆಯಲಿ ಎಂದು ನಾನು ಹುಡುಕುತ್ತಿದ್ದೆ.

ಮಧ್ಯಾಹ್ನ ಸಂಸ್ಥೆಯ ಒಬ್ಬರ ಹುಟ್ಟುಹಬ್ಬ. ಅಲ್ಲೊಂದು ವಿಚಿತ್ರ ರೂಢಿ. ಹುಟ್ಟುಹಬ್ಬ ಯಾರದೋ ಅವರೊಬ್ಬರಿಗೇ ಅಲ್ಲ, ಅವರ ಗಂಡನಿಗೆ, ತಾಯಿಗೆ, ಜೊತೆ ಕೆಲಸ ಮಾಡುವವರಿಗೆ, ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ನಿಮ್ಮ ಹೆಂಡತಿಯ ಬಗ್ಗೆ ಅಭಿನಂದನೆ, ನಿಮ್ಮ ಗೆಳತಿಯ ಬಗ್ಗೆ ಅಭಿನಂದನೆ ಎನ್ನುತ್ತ ಇಡೀ ಕೋಣೆ ಸುತ್ತುತ್ತಾರೆ. ದಾಮು ಎಲ್ಲರ ಕೈ ಕುಲುಕಿ, ಕೊನೆಗೆ ನನ್ನ ಕೈಯನ್ನೂ ಕುಲುಕಿದ.

"ನಂದೆಂತ ಅದೆ ಇದ್ರಲ್ಲಿ?" ಎಂದೆ.

"ಯಾರ್ದೋ ಒಳ್ಳೇದಾದ್ರೆ ನಮ್ಗೂ ಪಾಲು ಬತ್ತದೆ ಕಾಣು. ಒಳ್ಳೇ ರೂಢಿ ಮಾರಾಯ."

ಕೇಕು ತಿನ್ನುವಾಗ ಮರೈಕೆ ಅವನನ್ನು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಚಳಿ ತಡೆಯುತ್ತದೆಯೇ, ಆರು ತಿಂಗಳು ಎಂದರೆ ಮನೆಯಲ್ಲಿ ಒಪ್ಪುತ್ತಾರೆಯೇ. ನನ್ನನ್ನು ಕೇಳಲಿಲ್ಲ. ಅಥವಾ ಮರುದಿನ ಕೇಳಬೇಕೆಂದಿದ್ದರೋ ಏನೋ. ಆ ಸಾಧ್ಯತೆ ನನಗೆ ಹೊಳೆದದ್ದು ಬಹಳ ತಡವಾಗಿ.

ಸಭೆಯ ದಿನ

ಮಾತಾಡುವವನು ದಾಮು ಎಂದು ಮೊದಲೇ ಒಪ್ಪಿದ್ದೆವು. ಅವನ ಇಂಗ್ಲಿಷು ಒರಟು, ವ್ಯಾಕರಣ ಎಲ್ಲೆಂದರಲ್ಲಿ ಮುರಿಯುತ್ತದೆ, ಆದರೂ ಜನ ಕಿವಿಗೊಟ್ಟು ಕೇಳುತ್ತಾರೆ. ಟಿವಿ ಒಡೆದದ್ದು, ಐವತ್ತು ಸೂಜಿ ಕೊಳ್ಳಲು ಹೋದಾಗ ಅಂಗಡಿಯವನು ಮದುವೆ ಯಾರದೆಂದು ಕೇಳಿದ್ದು, ಬೀರಣ್ಣನ ಸೈಕಲ್ಲಿನ ಮಾತು, ಎಲ್ಲ ಹೇಳಿದ. ನಗೆ ಬಂತು. ಭಾವಿಕೇರಿಯ ಹರಿವೆ ಪರದೆಯ ಮೇಲೆ ನನ್ನಷ್ಟೇ ಎತ್ತರವಾಗಿ ನಿಂತಿತು. ಹಿಂದೆ ನಮ್ಮ ಅಡುಗೆಮನೆಯ ಬಾಗಿಲೂ ಕಾಣುತ್ತಿತ್ತು. ಅದನ್ನು ಗಮನಿಸಿದವನು ನಾನೊಬ್ಬನೇ.

ಮರೈಕೆ ಕೈಯೆತ್ತಿದರು. "ಎರಡೂ ಸಾಲಿಗೆ ನೀರು, ಗೊಬ್ಬರ ಒಂದೇ ಇತ್ತೇ?"

"ಗಿಡದ ಭಾಗ ನನ್ನ ಸ್ನೇಹಿತನದು. ಅವನಿಗಿಂತ ಸರಿಯಾಗಿ ನಾನು ಹೇಳಲಾರೆ," ಎಂದು ದಾಮು ನನ್ನತ್ತ ಕೈ ತೋರಿಸಿದ. ಯಾರೋ ಮೈಕು ತಂದು ನನ್ನ ಕೈಯಲ್ಲಿಟ್ಟರು.

ಒಂದೇ ನೀರು ಎಂದರೆ ಸಾಕಿತ್ತು. ಆರು ತಿಂಗಳು ದಾಮುವಿನದಾಗುತ್ತಿತ್ತು, ಹರಿವೆ ಇಬ್ಬರದೂ ಆಗಿ ಉಳಿಯುತ್ತಿತ್ತು. ವಿಜ್ಞಾನಕ್ಕೆ ಮೋಸ ಮಾಡಬಾರದು ಎಂದು ಆ ಕ್ಷಣ ನನಗೆ ಅನಿಸಿತೇ? ಅನಿಸಿತು ಎಂದು ದಿನಚರಿ ಹೇಳುತ್ತದೆ. ಆದರೆ ನಾನು ಏಳುವಾಗ ನೋಡಿದ್ದು ಮರೈಕೆಯ ಮುಖವನ್ನಲ್ಲ, ದಾಮುವಿನ ಮುಖವನ್ನು. ಅವನು ನಿಶ್ಚಿಂತೆಯಿಂದ ನಿಂತಿದ್ದ. ಆ ನಿಶ್ಚಿಂತೆ ನನ್ನಿಂದ ಸಹಿಸಲಾಗಲಿಲ್ಲ. ಇಷ್ಟು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಗಾಳಿಯ ಸಾಲಿಗೆ ಮೀನು ತೊಳೆದ ನೀರು ಬೀಳುತ್ತಿತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೀನು ಸಾಕುವ ತೊಟ್ಟಿಯೇ ಎಂದು ಒಬ್ಬರು ಕೇಳಿದರು. ಅಲ್ಲ, ಅಡುಗೆಗೆ ತಂದ ಮೀನು, ಅದರ ರಕ್ತ, ಹುರುಪೆ, ಕರುಳಿನ ಚೂರು. ನನ್ನ ಅತ್ತಿಗೆ, ಕರುಣೆಯಿಂದ. ಕರುಣೆ ಎಂಬಲ್ಲಿ ಸಭೆ ನಕ್ಕಿತು. ದಾಮು ನಗಲಿಲ್ಲ.

"ಯಾವಾಗ?" ಎಂದ. ಕನ್ನಡದಲ್ಲಿ ಕೇಳಿದ, ಅವನ ಮೈಕು ಇನ್ನೂ ಚಾಲೂ ಇತ್ತು.

"ದಿನಾಲೂ."

"ದಿನಾಲೂ?"

"ಸೋಮವಾರ ಬಿಟ್ಟು."

ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ. ಅದು ಅವನಿಗೂ ಗೊತ್ತು. ಅವನು ಪರದೆಯ ಕಡೆ ತಿರುಗಿ ಹರಿವೆಯನ್ನು ಸ್ವಲ್ಪ ಹೊತ್ತು ನೋಡಿದ. ಮತ್ತೆ ಸಭೆಗೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: ಹಾಗಿದ್ದರೆ ಗಾಳಿ ಏನು ಮಾಡಿತು ಎಂದು ನಮಗೆ ಗೊತ್ತಿಲ್ಲ, ಮತ್ತೆ ಮಾಡಬೇಕು. ಕೂತುಕೊಂಡ.

ಸಂಜೆ ಮರೈಕೆ ನನ್ನನ್ನು ಕರೆದು, ತನ್ನದೇ ಫಲಿತಾಂಶದ ವಿರುದ್ಧ ಎದ್ದು ನಿಲ್ಲುವವರು ಕಡಿಮೆ, ಗಾಜಿನ ಮನೆಗೆ ಅಂಥವರೇ ಬೇಕು ಎಂದರು. ಆರು ತಿಂಗಳು ನನಗೆ. ಅವರಿಗೆ ನಿಜ ಹೇಳಬಹುದಿತ್ತು: ನಾನು ಫಲಿತಾಂಶದ ವಿರುದ್ಧ ಎದ್ದದ್ದಲ್ಲ. ಬಾಯಿಯವರೆಗೆ ಬಂತು ಎಂದು ಬರೆಯಲು ಮನಸ್ಸಾಗುತ್ತಿದೆ, ಆದರೆ ಬಂದ ನೆನಪಿಲ್ಲ. ಧನ್ಯವಾದ ಎಂದೆ.

ಸುದ್ದಿ ಹಬ್ಬಿದ ಕೂಡಲೆ ಅವರ ರೂಢಿ ಶುರುವಾಯಿತು. ಒಬ್ಬೊಬ್ಬರೂ ನನ್ನ ಕೈಕುಲುಕಿ, ನಂತರ ದಾಮುವಿನ ಬಳಿ ಹೋಗಿ, ನಿಮ್ಮ ಸ್ನೇಹಿತನ ಬಗ್ಗೆ ಅಭಿನಂದನೆ ಎಂದರು. ಹದಿನೈದು ಇಪ್ಪತ್ತು ಜನ ಇದ್ದಿರಬೇಕು. ಅವನು ಎದ್ದು ನಿಂತು ಪ್ರತಿಯೊಬ್ಬರಿಗೂ ಧನ್ಯವಾದ ಹೇಳಿದ. ನಗುತ್ತಲೇ ಹೇಳಿದ. ಗೆದ್ದವನು ನಾನು, ಆದರೂ ಆ ನಗು ನನಗೆ ಬರುವುದಿಲ್ಲವಲ್ಲ ಎಂದು ಅದಕ್ಕೂ ಕರುಬಿದೆ.

ಮತ್ತೆ ಆಮ್‌ಸ್ಟರ್‌ಡ್ಯಾಮ್

ಅವನನ್ನು ಬಿಡಲು ನಿಲ್ದಾಣಕ್ಕೆ ಹೋದೆ. ರೈಲಿನಲ್ಲಿ ಕಾಲುವೆ, ದನ, ಗಾಜು ಹಿಂದೆ ಸರಿದವು. ದಾಮು ದನಗಳ ಮೈಕಟ್ಟಿನ ಬಗ್ಗೆ ಮಾತಾಡಿದ. ಊರಿಗೆ ಹೋಗಿ ಕೋಡಿಬಾಗದ ತನ್ನ ಮನೆಯ ಹಿತ್ತಿಲಲ್ಲೇ ಎರಡು ಸಾಲು ಹಾಕುತ್ತೇನೆ, ಈ ಸಲ ನೀರು ತಾನೇ ಅಳೆದು ಹೊಯ್ಯುತ್ತೇನೆ, ಹಿಂಬಾಗಿಲಿಗೆ ಬೀಗ ಹಾಕುತ್ತೇನೆ ಎಂದ. ನಾನು ನಕ್ಕೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಒಳಗೆ ಹೋಗುವ ಸಾಲಿನಲ್ಲಿ ಅವನು ಚೀಲ ಕೆಳಗಿಟ್ಟ.

"ನಾಯ್ಕ, ನೀ ನಿಜ ಹೇಳ್ದೆ. ಅದ್ಕೆ ನಂಗೆ ಬೇಜಾರಿಲ್ಲ. ನಂಗ್ ಗೊತ್ತಿದ್ರೆ ನಾನೇ ಹೇಳ್ತಿದ್ದೆ."

ನಾನು ಏನೋ ಹೇಳಲು ಹೋದೆ.

"ಕಾರವಾರದಿಂದ ಮುಂಬೈಗೆ ರೈಲು. ಮುಂಬೈಯಿಂದ ಇಲ್ಲಿಗೆ ವಿಮಾನ. ಎರಡ್ರಲ್ಲೂ ನನ್ ಪಕ್ಕದಲ್ಲೇ ಕೂತಿದ್ದೆ. ಚಟ್ನಿ ತಿಂದೆ, ನಿದ್ದೆ ಬಂದಾಗ ನನ್ ಹೆಗಲ ಮೇಲೇ ಮಲಗ್ದೆ. ಆಗ ಬಾಯಿ ಬರ್ಲಿಲ್ಲ. ಮೈಕ್ ಸಿಕ್ಕಿದ್ ಮೇಲೆ ಬಂತು."

ಸಾಲು ಮುಂದೆ ಹೋಯಿತು. ಅವನು ಚೀಲ ಎತ್ತಿಕೊಂಡ. "ಚಳಿ ಜಾಸ್ತಿ ಅದೆ ಇಲ್ಲಿ. ಬಿಸಿ ಬಟ್ಟೆ ತಗೊ," ಎಂದು ಹೋದ.

ಗಾಜಿನ ಮನೆ, ಆರು ತಿಂಗಳು

ಬಿಸಿ ಬಟ್ಟೆ ತೆಗೆದುಕೊಂಡೆ. ಕೆಲಸ ಚೆನ್ನಾಗಿಯೇ ಮಾಡಿದೆ. ಅಯಾನು ಎಣಿಸುವ ಯಂತ್ರವನ್ನು ನಾನೇ ನಡೆಸುವಷ್ಟಾದೆ. ಗಾಳಿ ಹಾಕಿದ ಬಳ್ಳಿಗಳಲ್ಲಿ ಒಮ್ಮೆ ಕೊಂಚ ವ್ಯತ್ಯಾಸ ಕಂಡಿತು, ಮುಂದಿನ ಸಲ ಕಾಣಲಿಲ್ಲ. ಇಷ್ಟೇ ಹೇಳಬಹುದು, ಮುಂದಕ್ಕೆ ಹೇಳಬಾರದು ಎಂದು ಮರೈಕೆ ಅಂದರು.

ಆಗಿನ್ನೂ ದಾಮು ಇಮೇಲ್ ನೋಡಲು ಕಾರವಾರದ ಸೈಬರ್ ಕೆಫೆಗೆ ಹೋಗಬೇಕಿತ್ತು. ಆದರೂ ತಪ್ಪದೆ ಉತ್ತರ ಬರೆಯುತ್ತಿದ್ದ. ಕೋಡಿಬಾಗದಲ್ಲಿ ಎರಡು ಸಾಲು ಹಾಕಿದ್ದಾನೆ ಎಂದು ಮೊದಲ ಪತ್ರದಲ್ಲೇ ಇತ್ತು. ಎರಡು ಕಡೆಯೂ ಒಂದೇ ಮಣ್ಣು, ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದಾನೆ, ಅವನ ತಾಯಿ ಬೈಯುತ್ತಿದ್ದಾರೆ. ಹರಿವೆ ಕೊಯ್ಯುವ ಹೊತ್ತಿಗೆ ನಾನು ಬರೆದೆ: ಏನಾಯಿತು? ಕಾಳಿ ನದಿಯಲ್ಲಿ ಈ ಸಲ ನೀರು ಎಷ್ಟು ಬಂತು ಎಂದು ಬರೆದ. ಮತ್ತೆ ಕೇಳಿದೆ. ಬಂಗಡೆಯ ಸುಗ್ಗಿ, ಕಾಲೇಜಿನ ಹೊಸ ಪ್ರಿನ್ಸಿಪಾಲರು, ನನ್ನ ಅತ್ತಿಗೆ ಸಂತೆಯಲ್ಲಿ ಸಿಕ್ಕಿ ಮಾತಾಡಿಸಿದ್ದು, ಎಲ್ಲ ವಿವರವಾಗಿ ಬಂತು. ಮೂರನೆಯ ಸಲ ಪ್ರಶ್ನೆ ಒಂದನ್ನೇ ಬರೆದು ಕಳಿಸಿದೆ.

ಊರಿಗೆ ಬಂದು ಇಷ್ಟು ವರ್ಷವಾಯಿತು. ಸ್ಟಾಫ್ ರೂಮಿನಲ್ಲಿ ಅವನ ಮೇಜು ನನ್ನ ಮೇಜಿನ ಎದುರಿಗೇ ಇದೆ. ದಿನವೂ ಮಾತಾಡುತ್ತೇವೆ. ಕೋಡಿಬಾಗದ ಹರಿವೆ ಯಾವ ಸಾಲಿನಲ್ಲಿ ಹೆಚ್ಚು ಬಂತು ಎಂಬುದನ್ನು ಅವನು ಇಂದಿನವರೆಗೂ ನನಗೆ ಹೇಳಿಲ್ಲ.